ಹೇಗೋ ಸುಧಾರಿಸ್ತೀವಿ

ಜನವರಿ 8, ಸೋಮವಾರ

ಕಚೇರಿಯ ಲಿಫ್ಟು ಇನ್ನೂ ಕೆಟ್ಟೇ ಇದೆ. 'ತೊಂದರೆಗೆ ಕ್ಷಮೆ ಇರಲಿ' ಎಂದು ಅಕ್ಟೋಬರಿನಲ್ಲಿ ಅಂಟಿಸಿದ ಚೀಟಿಯ ಮೂಲೆ ಸುರುಳಿ ಸುತ್ತಿಕೊಂಡಿದೆ. ಮೂರು ಮಹಡಿ, ಐವತ್ನಾಲ್ಕು ಮೆಟ್ಟಿಲು. ನನ್ನ ಎಡ ಮೊಣಕಾಲು ಮೂವತ್ತನೆಯದಕ್ಕೆ ಗೊಣಗಲು ಶುರುಮಾಡುತ್ತದೆ.

ಮೇಜಿನ ಮೇಲೆ ರೋಲಂಡ್ ಪಿಕ್‌ಥಾಲ್ ಒಂದು ಕಡತ ಇಟ್ಟು ಹೋಗಿದ್ದ. ನಮ್ಮ ಸ್ಕಾರ್‌ವಿಕ್ ಕೌನ್ಸಿಲಿನ ಅಭಿವೃದ್ಧಿ ವಿಭಾಗದ ಮುಖ್ಯಸ್ಥ ಅವನು. ನನಗಿಂತ ಹದಿನೈದು ವರ್ಷ ಚಿಕ್ಕವನು. ಬಂದರಿನ ಮಾತು ಬಂದರೆ ಕಣ್ಣು ತೇವ ಮಾಡಿಕೊಳ್ಳುತ್ತಾನೆ. ಕಡತದ ಮೇಲೆ 'ಫಿಯರನ್ ಐಸ್ ಕಾರ್ಖಾನೆ, ಹೊಸ ಯಂತ್ರಕ್ಕೆ ಸಹಾಯಧನ' ಎಂದಿತ್ತು. ಕೇಳಿರುವುದು ನಾಲ್ಕು ಲಕ್ಷ ಎಂಬತ್ತು ಸಾವಿರ ಪೌಂಡ್. ಫೆಬ್ರವರಿ 27ರ ಸಭೆಗೆ ನನ್ನ ವರದಿ ಬೇಕಂತೆ.

ಯುರೋಪಿನ ಒಕ್ಕೂಟ ಬಿಟ್ಟು ಬಂದ ಮೇಲೆ ನಾವೇ ಮಾಡಿಕೊಂಡ ಕಾನೂನು ಇದು. ಸಾರ್ವಜನಿಕರ ದುಡ್ಡನ್ನು ಒಬ್ಬ ವ್ಯಾಪಾರಿಗೆ ಕೊಡುವ ಮುಂಚೆ, ಕೊಡುವವರೇ ಕೂತು ಏಳು ತತ್ವಗಳಿಗೆ ಉತ್ತರ ಬರೆಯಬೇಕು. ಯಾವ ಕೊರತೆ ನೀಗಲು ಕೊಡುತ್ತಿದ್ದೀರಿ, ಬೇಕಾದ್ದಕ್ಕಿಂತ ಹೆಚ್ಚು ಕೊಡುತ್ತಿಲ್ಲ ತಾನೆ, ಅವನ ಎದುರಾಳಿಗೆ ಎಷ್ಟು ಪೆಟ್ಟು ಬೀಳುತ್ತದೆ, ಹೀಗೆ. ಸಣ್ಣ ಮೊತ್ತಕ್ಕೆ ವಿನಾಯಿತಿ ಇದೆ, ಇದು ಸಣ್ಣದಲ್ಲ. ನಾವು ಎಡವಿದರೆ ಎದುರಾಳಿ ನ್ಯಾಯಮಂಡಳಿಗೆ ಹೋಗಬಹುದು, ಕೊಟ್ಟದ್ದನ್ನು ವಾಪಸು ಕೇಳುವ ಪಾಡು ನಮಗೆ ಬರಬಹುದು. ಇಲ್ಲಿಯವರೆಗೆ ಇಂಥ ಆರು ವರದಿ ಬರೆದಿದ್ದೇನೆ. ನಾಲ್ಕಕ್ಕೆ ಬೇಡ ಎಂದಿದ್ದೇನೆ. ಕೆಳಮಹಡಿಯವರು ನನಗೆ ಬೇಡಮ್ಮ ಎಂದು ಹೆಸರಿಟ್ಟಿರುವುದು ನನಗೆ ಗೊತ್ತಿಲ್ಲ ಎಂದುಕೊಂಡಿದ್ದಾರೆ.

ಮನೆಗೆ ಬಂದು ಫ್ರೀಜರಿನ ಬಟಾಣಿ ಪೊಟ್ಟಣವನ್ನು ಮೊಣಕಾಲಿನ ಮೇಲೆ ಇಟ್ಟುಕೊಂಡೆ. ಇದೇ ಪೊಟ್ಟಣ ನವೆಂಬರಿನಿಂದ ನಡೆಯುತ್ತಿದೆ. ಇನ್ನು ತಿನ್ನಲು ಬಾರದು.

ಜನವರಿ 11, ಗುರುವಾರ

ಬಂದರಿಗೆ ಹೋಗಿದ್ದೆ. ಕೋಲನ್ನು ಕಾರಿನ ಡಿಕ್ಕಿಯಲ್ಲೇ ಬಿಟ್ಟೆ. ಕೌನ್ಸಿಲಿನವರು ಕುಂಟುತ್ತಾ ಬಂದರು ಅನ್ನಿಸಿಕೊಳ್ಳುವುದು ಯಾಕೆ.

ಅಮೋಸ್ ಫಿಯರನ್‌ಗೆ ಎಪ್ಪತ್ಮೂರು. ಕಾರ್ಖಾನೆ ಅವನ ಅಜ್ಜ ಕಟ್ಟಿಸಿದ್ದು, ಯಂತ್ರ 1983ರದು. ಮೇಲಿನಿಂದ ಒಂದು ತಗಡಿನ ಜಾರು ಇಳಿದಿದೆ, ಅದರಲ್ಲಿ ಪುಡಿ ಐಸು ಸೀದಾ ದೋಣಿಗೆ ಸುರಿಯುತ್ತದೆ. ಹನ್ನೊಂದು ದೋಣಿಗಳು ಇದನ್ನೇ ನೆಚ್ಚಿವೆ, ಅದರಲ್ಲಿ ನಾಲ್ಕು ಬಹಳ ಚಿಕ್ಕವು, ಏಡಿ ಹಿಡಿಯುವವು. ಯಂತ್ರದೊಳಗೆ ಅಮೋನಿಯ ಇರುವುದರಿಂದ ಸುರಕ್ಷತೆಯ ಪ್ರಮಾಣಪತ್ರ ಬೇಕು. ಈಗಿನದು ಮಾರ್ಚ್ 31ಕ್ಕೆ ಮುಗಿಯುತ್ತದೆ, ಈ ಯಂತ್ರಕ್ಕೆ ಇನ್ನೊಂದು ಕೊಡುವುದಿಲ್ಲವೆಂದು ತಪಾಸಣೆಯವರು ಬರೆದುಕೊಟ್ಟಿದ್ದಾರೆ.

ಮಗಳು ಥರ್ಜಾ ಯಂತ್ರದ ಹೊಟ್ಟೆಯೊಳಗೆ ಅರ್ಧ ಮೈ ತೂರಿಸಿ ಏನನ್ನೋ ಬಿಗಿಯುತ್ತಿದ್ದಳು. ನಲವತ್ತು ದಾಟಿರಬೇಕು. ಅಪ್ಪ ನನಗೆ ಚಹಾ ಕೊಟ್ಟ, ಬಿಸ್ಕತ್ತಿಗೆ ರಮ್ ಬೆರೆಸಿದ ಸಿಹಿ ಬೆಣ್ಣೆ ಸವರಿಕೊಟ್ಟ. ನಾನು ಪಟ್ಟಿಯಲ್ಲಿದ್ದದ್ದನ್ನೆಲ್ಲ ಒಂದೊಂದಾಗಿ ಕೇಳುತ್ತಾ ಬಂದೆ. ಕೊನೆಗೆ ಮುಖ್ಯ ಪ್ರಶ್ನೆ ಕೇಳಿದೆ: ಕೌನ್ಸಿಲ್ ದುಡ್ಡು ಕೊಡದೇ ಹೋದರೆ ನೀವು ಏನು ಮಾಡ್ತೀರಿ?

ಅವನು ಟೋಪಿ ಸರಿಮಾಡಿಕೊಂಡ. 'ಹೇಗೋ ಸುಧಾರಿಸ್ತೀವಿ ಕಣಮ್ಮಾ' ಅಂದ. 'ಇಷ್ಟು ವರ್ಷ ಸುಧಾರಿಸಿಲ್ವಾ?'

ಯಂತ್ರದೊಳಗೆ ಸ್ಪ್ಯಾನರಿನ ಸದ್ದು ನಿಂತಿತು. ನಾನು ಅವನ ಮಾತನ್ನು ಇದ್ದದ್ದು ಇದ್ದ ಹಾಗೆ ಬರೆದುಕೊಂಡೆ.

ಜನವರಿ 15, ಸೋಮವಾರ

ಆ ಒಂದು ಸಾಲಿನ ಮುಂದೆ ಬೆಳಗಿನಿಂದ ಕೂತಿದ್ದೇನೆ.

ಕಾನೂನು ಸ್ಪಷ್ಟವಾಗಿದೆ. ಸಹಾಯಧನ ಪಡೆದವನು ಅದಿಲ್ಲದಿದ್ದರೆ ಮಾಡದೇ ಇರುತ್ತಿದ್ದುದನ್ನು ಮಾಡಬೇಕು. ಹೇಗಿದ್ದರೂ ತಾನೇ ಮಾಡಿಕೊಳ್ಳುತ್ತಿದ್ದ ಕೆಲಸಕ್ಕೆ ಸಾರ್ವಜನಿಕರ ಕಾಸು ಹೋಗಕೂಡದು. ಹೇಗೋ ಸುಧಾರಿಸುತ್ತೇನೆ ಎನ್ನುವವನಿಗೆ ನಾನು ಕೊಡುವಂತಿಲ್ಲ. ಅರ್ಜಿಯಲ್ಲೂ ಅದೇ ಪ್ರಶ್ನೆ ಇದೆ. ಅಲ್ಲೂ ಮುದುಕ ಮುತ್ತಿನಂಥ ಅಕ್ಷರದಲ್ಲಿ 'ನಾವೇ ನಿಭಾಯಿಸುತ್ತೇವೆ' ಎಂದು ಬರೆದು, ಕೆಳಗೆ ಗೆರೆ ಬೇರೆ ಎಳೆದಿದ್ದಾನೆ.

ರೋಲಂಡ್ ಬಂದು ನೋಡಿದ. ಈ ಕಡೆಯ ಜನ ಮನೆಗೆ ಬೆಂಕಿ ಬಿದ್ದರೂ ಸ್ವಲ್ಪ ಸೆಕೆ ಅಂತಾರೆ, ಅದನ್ನೆಲ್ಲ ಅಕ್ಷರಶಃ ತಗೊಂಡರೆ ಹೇಗೆ ಎಂದ. ಆಮೇಲೆ ಬಾಗಿಲು ಮುಚ್ಚಿ, 'ಆ ಸಾಲು ಬಿಟ್ಬಿಡಿ ಹೆಸ್ಟರ್. ಯಾರು ನೋಡ್ತಾರೆ?' ಅಂದ.

ನಾನು ನೋಡಿದ್ದೇನೆ ಎಂದೆ. ಅವನು ಹೋದ. ಈ ಬೇಡಮ್ಮನ ಕೈಗೆ ಯಾಕಾದರೂ ಕೊಟ್ಟೆನೋ ಎಂದು ಕೆಳಗೆ ಹೋಗಿ ಹೇಳಿರುತ್ತಾನೆ.

ಇನ್ನೊಂದು ತಮಾಷೆ ಇದೆ. ತಾನು ಮುಳುಗುತ್ತಿದ್ದೇನೆ ಎಂದು ಅವನು ಅತ್ತಿದ್ದರೂ ಕೊಡುವುದು ಸಲೀಸಲ್ಲ. ದಿವಾಳಿಯ ಅಂಚಿನಲ್ಲಿರುವವರಿಗೆ ಬೇರೆ ಕಟ್ಟುಪಾಡುಗಳಿವೆ. ಫಿಯರನ್ ದಿವಾಳಿಯಲ್ಲ, ದಿನದ ಖರ್ಚು ದಿನ ಹುಟ್ಟುತ್ತದೆ. ಯಂತ್ರ ಕೊಳ್ಳುವ ಶಕ್ತಿಯೊಂದು ಇದ್ದಂತಿಲ್ಲ. 'ಇದ್ದಂತಿಲ್ಲ' ಎಂಬುದಕ್ಕೆ ಆಧಾರ ಬೇಕು.

ಜನವರಿ 19, ಶುಕ್ರವಾರ

ಆಸ್ಪತ್ರೆಯಿಂದ ಪತ್ರ. ಮೊಣಕಾಲಿನ ಶಸ್ತ್ರಚಿಕಿತ್ಸೆಗೆ ನಾನು 'ಸಾಮಾನ್ಯ' ಪಟ್ಟಿಯಲ್ಲಿದ್ದೇನೆ, ಇನ್ನೂ ಹದಿನಾಲ್ಕು ತಿಂಗಳಾಗಬಹುದು. ಹೋದ ಮಾರ್ಚಿನಲ್ಲಿ ಅವರ ಅರ್ಜಿ ತುಂಬಿದ್ದೆ. ದಿನನಿತ್ಯದ ಕೆಲಸಕ್ಕೆ ಎಷ್ಟು ಅಡ್ಡಿ ಎಂಬಲ್ಲಿ 'ಸುಧಾರಿಸುತ್ತೇನೆ' ಎಂದು ಬರೆದ ನೆನಪು. ಬರೆದದ್ದಕ್ಕೆ ತಕ್ಕ ಪಟ್ಟಿ. ಅವರದೇನೂ ತಪ್ಪಿಲ್ಲ.

ಕೆಳಗಿನ ಮನೆಯ ಡಿಲಿಸ್ ಹಾಲು ತಂದುಕೊಡಲಾ ಎಂದು ಕೇಳಿದಳು. ಬೇಡ ಎಂದೆ. ಮೆಟ್ಟಿಲ ಮೇಲೆ ಹಿಮ ಗಟ್ಟಿಯಾಗಿತ್ತು. ಕಪ್ಪು ಚಹಾ ಕುಡಿದೆ.

ಜನವರಿ 24, ಬುಧವಾರ

ನಿರೀಕ್ಷಿಸಿದ್ದೇ ಬಂತು. ದಕ್ಷಿಣಕ್ಕೆ ನಲವತ್ತು ಮೈಲಿಯಾಚೆ ಕೆಲ್ಡ್‌ಬ್ಯಾಂಕ್ ಬಂದರಿನಲ್ಲಿ ಇನ್ನೊಂದು ಐಸ್ ಕಾರ್ಖಾನೆ ಇದೆ, ಶ್ರೀಮತಿ ಸ್ಟ್ಯಾಗ್ ಎಂಬವರದು. ಅವರು ಮೂರು ವರ್ಷದ ಹಿಂದೆ ಹೊಸ ಯಂತ್ರ ಹಾಕಿಸಿಕೊಂಡಿದ್ದು ಸ್ವಂತ ಸಾಲದಲ್ಲಿ. ಅವರ ವಕೀಲರ ಪತ್ರ ಸಭ್ಯವಾಗಿದೆ, ಹಲ್ಲೂ ಇದೆ. ಫಿಯರನ್‌ಗೆ ಸಹಾಯವೇ ಬೇಡ, ಅವರೇ ಹಾಗೆ ಹೇಳಿದ್ದಾರೆ ಎಂದು ಬರೆದು ಪತ್ರಿಕೆಯ ತುಂಡೊಂದನ್ನು ಲಗತ್ತಿಸಿದ್ದಾರೆ.

ನಮ್ಮೂರಿನ ವಾರಪತ್ರಿಕೆ. ಅಮೋಸ್ ಫಿಯರನ್ ತಗಡಿನ ಜಾರಿನ ಕೆಳಗೆ ಎದೆಗೆ ಕೈಕಟ್ಟಿ ನಿಂತಿದ್ದಾನೆ. ತಲೆಬರಹ: 'ಯಾರ ಹಂಗೂ ಇಲ್ಲದೆ ನಡೆಸಿಯೇನು.'

ರೋಲಂಡನ ಮೇಜಿನ ಮೇಲೆ ಸುಮ್ಮನೆ ಇಟ್ಟು ಬಂದೆ. ಆ ಸಾಲು ಬಿಡುವ ಮಾತು ಅವನು ಇವತ್ತು ಎತ್ತಲಿಲ್ಲ.

ಜನವರಿ 30, ಮಂಗಳವಾರ

ಮತ್ತೆ ಬಂದರು. ಐರಿಷ್ ಸಮುದ್ರದ ಗಾಳಿ ಕಿವಿ ಕಿತ್ತುಕೊಂಡು ಹೋಗುವ ಹಾಗಿತ್ತು.

ಏನು ಹೇಳಬೇಕೆಂದು ನಾನು ಅವನಿಗೆ ಹೇಳಿಕೊಡುವಂತಿಲ್ಲ. ಹೇಳಿಕೊಟ್ಟರೆ ಅದು ಅವನ ಉತ್ತರವಲ್ಲ, ನನ್ನದು. ಕೇಳಬಹುದು, ಅಷ್ಟೆ. ಸುಧಾರಿಸೋದು ಅಂದರೆ ಹೇಗೆ ಎಂದು ಕೇಳಿದೆ. ಹೇಗೋ ಅಂದ. ಹೇಗೋ ಅಂದರೆ ಏನು ಎಂದೆ. ಹಿಂದಿನ ಸಲದ ಹಾಗೆ ಅಂದ. ಹಿಂದಿನ ಸಲ ಏನು ಮಾಡಿದಿರಿ ಎಂದರೆ, ಸುಧಾರಿಸಿದೆವು ಅಂದ. ಬಿಸ್ಕತ್ತು ಮುಂದೆ ಸರಿಸಿದ. ನನಗೆ ಸಿಟ್ಟು ಬಂತು, ಎರಡು ತಿಂದೆ.

ಥರ್ಜಾ ಕಾರಿನವರೆಗೂ ಬಂದಳು. ಛತ್ರಿ ಇಡಲು ಡಿಕ್ಕಿ ತೆಗೆದಾಗ ಕೋಲು ಕಂಡಿರಬೇಕು. ಮೊಣಕಾಲಾ ಎಂದು ಕೇಳಿದಳು. ಏನಿಲ್ಲ, ಸುಧಾರಿಸ್ತೀನಿ ಎಂದೆ. ಅವಳು ಗಟ್ಟಿಯಾಗಿ ನಕ್ಕುಬಿಟ್ಟಳು. ಅದರಲ್ಲಿ ನಗುವಂಥದ್ದೇನಿತ್ತೋ ನನಗೆ ತಿಳಿಯಲಿಲ್ಲ.

ಆಮೇಲೆ ಹೇಳಿದಳು: 'ಅಪ್ಪನ್ನ ಕೇಳಬೇಡಿ. ಮುಂದೆ ಏನ್ ಮಾಡ್ತೀಯ ಅಂದ್ರೆ ಅವರಿಗೆ ಬರೋದು ಒಂದೇ ಮಾತು. ಹಿಂದೆ ಏನಾಯ್ತು ಅಂತ ಮೆಷಿನ್ನಿನ ಪುಸ್ತಕ ನೋಡಿ.'

ಯಂತ್ರ ಕೆಟ್ಟಾಗೆಲ್ಲ ಬರೆದಿಡುವ ಪುಸ್ತಕವಂತೆ. ನಾಳೆ ಕಚೇರಿಗೆ ತಲುಪಿಸುತ್ತೇನೆ ಎಂದಳು.

ಫೆಬ್ರವರಿ 6, ಮಂಗಳವಾರ

ಪುಸ್ತಕ ಓದಿ ಮುಗಿಸಿದೆ. ಎಣ್ಣೆಯ ಕೈಯಚ್ಚುಗಳು ತುಂಬಿದ ದಪ್ಪ ರಟ್ಟಿನ ಪುಸ್ತಕ. ತಾರೀಕು, ಏನು ಕೆಟ್ಟಿತು, ಎಷ್ಟು ದಿನ ಐಸಿಲ್ಲ, ಹೇಗೆ ಸರಿಯಾಯಿತು ಎಂದು ನಾಲ್ಕು ಕಾಲಂ. ಕೊನೆಯ ಕಾಲಂನಲ್ಲಿ ಅಮೋಸ್ ಪ್ರತಿ ಸಲವೂ 'ಸುಧಾರಿಸಿತು' ಎಂದು ಬರೆದಿದ್ದಾನೆ.

ಅದರ ಪಕ್ಕದಲ್ಲಿ, ಅಂಚಿನಲ್ಲಿ, ಪೆನ್ಸಿಲಿನಲ್ಲಿ ಬೇರೆ ಕೈಬರಹ. ಥರ್ಜಾಳದು. 2016, ಸುಧಾರಿಸಿತು: ಅಪ್ಪನ ದೋಣಿ ಮಾರಿದ್ದು. 2019, ಸುಧಾರಿಸಿತು: ಗುಡ್ಡದ ಮೇಲಿನ ಮನೆ ಮಾರಿ ಕಾರ್ಖಾನೆಯ ಮೇಲಿನ ಕೋಣೆಗೆ ಬಂದದ್ದು. 2022, ಸುಧಾರಿಸಿತು: ಇಬ್ಬರು ಕೆಲಸದವರನ್ನು ಬಿಡಿಸಿದ್ದು, ಅಮ್ಮನ ಪಿಯಾನೋ.

ಪಿಯಾನೋ ಮುಂದೆ ಬೇರೇನೂ ಬರೆದಿಲ್ಲ.

ಇದು ಆಧಾರ. ಆದರೂ ಸಾಲದು. ಈ ಹಿಂದೆ ಹೇಗೆ ನಿಭಾಯಿಸಿದ ಎಂದು ತಿಳಿಯಿತು, ಈ ಸಲ ಆಗುವುದಿಲ್ಲ ಎಂದು ತಿಳಿಯಲಿಲ್ಲ. ಎಲ್ಲ ಅರ್ಜಿದಾರರಿಗೂ ಕಳಿಸುವ ಮಾಮೂಲಿ ಪತ್ರವನ್ನು ಅವನಿಗೂ ಕಳಿಸಿದೆ: ಕಳೆದ ಎರಡು ವರ್ಷದಲ್ಲಿ ಸಾಲ ಕೇಳಿದ್ದರೆ ಬ್ಯಾಂಕಿನ ಉತ್ತರದ ಪ್ರತಿ ಒದಗಿಸಿ.

ಮಧ್ಯಾಹ್ನ ಶ್ರೀಮತಿ ಸ್ಟ್ಯಾಗ್ ಅವರಿಗೆ ನಾನೇ ಫೋನ್ ಮಾಡಿದೆ. ಎದುರಾಳಿಗೆ ಆಗುವ ನಷ್ಟವನ್ನು ಎದುರಾಳಿಯ ಬಾಯಿಂದಲೇ ಕೇಳಬೇಕಲ್ಲ. ಖಡಕ್ ಹೆಂಗಸು, ಸುಳ್ಳು ಹೇಳುವವರಲ್ಲ. ಸ್ಕಾರ್‌ವಿಕ್ ಮುಚ್ಚಿದರೆ ದೊಡ್ಡ ಏಳು ದೋಣಿ ತನ್ನಲ್ಲಿಗೆ ಬರುತ್ತವೆ, ಅದು ತನಗೆ ಲಾಭವೇ ಎಂದರು. ಚಿಕ್ಕ ನಾಲ್ಕರ ಗತಿ ಕೇಳಿದೆ. ಅವು ಐಸಿಗಾಗಿ ನಲವತ್ತು ಮೈಲಿ ಬರೋದುಂಟೇ, ದಡಕ್ಕೆ ಎಳೆದು ಬಣ್ಣ ಹಚ್ಚಿ ಮಾರ್ತಾರೆ ಅಷ್ಟೆ ಎಂದರು. ಆಮೇಲೆ, ಇದನ್ನೂ ಬರ್ಕೊಂಡ್ರಾ ಎಂದು ಕೇಳಿದರು. ಬರೆದುಕೊಂಡೆ ಎಂದೆ.

ಫೆಬ್ರವರಿ 13, ಮಂಗಳವಾರ

ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು ನಾಳೆಯಿಂದ, ಇವತ್ತು ಪ್ಯಾನ್‌ಕೇಕ್ ಎಂಬ ಸಿಹಿ ದೋಸೆಯ ಮಂಗಳವಾರ. ಕ್ಯಾಂಟೀನಿನ ದೋಸೆಗೆ ನಿಂಬೆಹುಳಿ ಸಾಲದಾಗಿತ್ತು.

ಹನ್ನೊಂದೂವರೆಗೆ ಯಾರೋ ಬಾಗಿಲಲ್ಲಿ ಏದುಸಿರು ಬಿಡುತ್ತಾ ನಿಂತಿದ್ದರು. ನೋಡಿದರೆ ಅಮೋಸ್ ಫಿಯರನ್. ಕೋಟು ಹಾಕಿ ಟೈ ಕಟ್ಟಿದ್ದ. 'ಇಷ್ಟು ಮೆಟ್ಟಿಲು ಹತ್ತಿಸ್ತೀರಲ್ಲ, ಅದಕ್ಕೇ ಯಾರೂ ನಿಮ್ಮ ಹತ್ರ ಏನೂ ಕೇಳೋಕೆ ಬರಲ್ಲ' ಅಂದ.

ಕೂತು ಒಳಜೇಬಿನಿಂದ ಎರಡು ಪತ್ರ ತೆಗೆದ. ನಾಲ್ಕು ಮಡಿಕೆ ಮಾಡಿಟ್ಟಿದ್ದವು. ಎರಡು ಬ್ಯಾಂಕುಗಳು, ಎರಡರದೂ ಒಂದೇ ಉತ್ತರ: ವಯಸ್ಸು, ಅಡವಿಡಲು ಆಸ್ತಿ ಇಲ್ಲ, ವಿಷಾದಿಸುತ್ತೇವೆ. ಒಂದಕ್ಕೆ ಒಂದೂವರೆ ವರ್ಷವಾಗಿತ್ತು. ಗಡಿಯಾರದ ಹಿಂದೆ ಇಟ್ಟಿದ್ದನಂತೆ. ಥರ್ಜಾಗೆ ಗೊತ್ತಿಲ್ಲವಂತೆ.

'ಆಗಲ್ಲ ಅಂತ ಬರೆಯೋಕೆ ಕೈ ಬರಲಿಲ್ಲ ಕಣಮ್ಮಾ. ಯುದ್ಧದ ಕಾಲದಲ್ಲೂ ನಮ್ಮಪ್ಪ ಆ ಬಾಗಿಲು ಮುಚ್ಚಲಿಲ್ಲ. ಈಗ ಏನು ಹೇಳಬೇಕು ಅಂತ ನೀನೇ ಹೇಳ್ಬಿಡು, ಅದನ್ನೇ ಹೇಳ್ತೀನಿ.'

'ನಾನು ಹೇಳಿಕೊಡೋ ಹಾಗಿಲ್ಲ. ಕೇಳಬಹುದು ಅಷ್ಟೆ.'

'ಕೇಳು ಮತ್ತೆ.'

ಪಟ್ಟಿಯ ಪ್ರಶ್ನೆಯನ್ನು ಬಿಟ್ಟೆ. 'ಮಾರ್ಚ್ ಮೂವತ್ತೊಂದಕ್ಕೆ ನಿಮ್ಮ ಪ್ರಮಾಣಪತ್ರ ಮುಗೀತದೆ. ಮಾರನೇ ದಿನ ಬೆಳಿಗ್ಗೆ ಐದಕ್ಕೆ ದೋಣಿಗಳು ಬರ್ತವೆ. ನಮ್ಮ ದುಡ್ಡು ಬಂದಿರಲ್ಲ, ಬರೋದೂ ಇಲ್ಲ. ಆಗ ಏನು ಮಾಡ್ತೀರಿ?'

ಅವನು ಬಾಯಿ ತೆರೆದ. ಯಾವ ಮಾತು ಬರುತ್ತಿದೆ ಎಂದು ನನಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಆದರೆ ಅದು ಬರಲಿಲ್ಲ. ಕೆಳಗಿನ ಕ್ಯಾಂಟೀನಿನಲ್ಲಿ ಯಾರೋ ತಟ್ಟೆ ಬೀಳಿಸಿದರು.

'ಬಾಗಿಲು ತೆಗೆಯಲ್ಲ' ಅಂದ. 'ಹೊರಗೆ ನಿಂತ್ಕೊಂಡು ಒಬ್ಬೊಬ್ಬರಿಗೂ ಇಲ್ಲ ಅಂತ ಹೇಳಬೇಕಾಗ್ತದೆ. ಹೇಗೆ ಹೇಳೋದು ಅಂತ ಕ್ರಿಸ್‌ಮಸ್‌ನಿಂದ ಯೋಚನೆ ಮಾಡ್ತಾ ಇದೀನಿ.'

ಬರೆದುಕೊಂಡೆ. ಓದಿ ಹೇಳಿದೆ. ಅವನು ಸಹಿ ಹಾಕಿದ. ನನಗೆ ಬಹಳ ಕೆಡುಕೆನಿಸಿತು. ಎದ್ದು ಹೋಗಿ ಕಿಟಕಿ ಮುಚ್ಚಿದೆ, ಅದು ಮೊದಲೇ ಮುಚ್ಚಿತ್ತು.

ಇಳಿಯುವಾಗ ಇಬ್ಬರೂ ಕಂಬಿ ಹಿಡಿದುಕೊಂಡೆವು. ಅವನದೂ ಎಡ ಮೊಣಕಾಲೇ. ನೀನು ಮುಂದೆ ಹೋಗು, ನೀವು ಮುಂದೆ ಹೋಗಿ ಎಂದು ಎರಡನೇ ಮಹಡಿಯಲ್ಲಿ ಒಂದಿಷ್ಟು ಹೊತ್ತು ಕಳೆಯಿತು.

ಫೆಬ್ರವರಿ 16, ಶುಕ್ರವಾರ

ವರದಿ ಮುಗಿಸಿದೆ, ಮೂವತ್ತೊಂದು ಪುಟ. ಅಮೋಸ್ ಜನವರಿಯಲ್ಲಿ ಹೇಳಿದ್ದನ್ನೂ ಇಟ್ಟಿದ್ದೇನೆ, ಮೊನ್ನೆ ಹೇಳಿದ್ದನ್ನೂ ಇಟ್ಟಿದ್ದೇನೆ. ನಡುವೆ ಪುಸ್ತಕದ ಪುಟಗಳು, ಬ್ಯಾಂಕಿನ ಪತ್ರಗಳು. ಕೇಳಿದ ಮೊತ್ತದಲ್ಲಿ ಹೊಸ ಕಚೇರಿ, ಹೊಸ ಚಾವಣಿ ಎರಡನ್ನೂ ಕತ್ತರಿಸಿದೆ, ಯಂತ್ರ ಮಾತ್ರ ಉಳಿಸಿದೆ. ಯಾವ ಊರಿನ ದೋಣಿ ಬಂದರೂ ಒಂದೇ ದರ ಎಂಬ ಷರತ್ತು ಹಾಕಿದೆ.

ಎರಡೂ ಹೇಳಿಕೆ ಯಾಕೆ, ಮೊದಲನೆಯದನ್ನು ತೆಗೆಯಬಾರದೇ ಎಂದು ರೋಲಂಡ್ ಮತ್ತೆ ರಾಗ ಎಳೆದ. ಮೊದಲನೆಯದು ಇಲ್ಲದಿದ್ದರೆ ಎರಡನೆಯದನ್ನು ಯಾರು ನಂಬುತ್ತಾರೆ ಎಂದೆ. ಅವನು ತಲೆ ಕೆರೆದುಕೊಂಡ. ಚಾವಣಿಯ ಬಗ್ಗೆ ಇನ್ನೂ ಬೇಜಾರಿದೆ ಅವನಿಗೆ.

ಡಿಲಿಸ್ ಹಾಲು ತಂದಿಟ್ಟಿದ್ದಳು. ಕೇಳಿರಲಿಲ್ಲ. ವಾಪಸು ಕೊಡುವುದು ಚೆನ್ನಾಗಿರಲ್ಲ, ಇಟ್ಟುಕೊಂಡೆ.

ಫೆಬ್ರವರಿ 27, ಮಂಗಳವಾರ

ಪಾಸಾಯಿತು. ಬೇಡಮ್ಮನೇ ಹೂಂ ಅಂದ ಮೇಲೆ ಚರ್ಚೆ ಏನಿದೆ ಎಂದು ಹಿಂದಿನ ಸಾಲಿನಿಂದ ಒಬ್ಬ ಸದಸ್ಯ ಅಂದ. ಎಲ್ಲರೂ ನಕ್ಕರು. ನಾನೂ.

ಮಾರ್ಚ್ 28, ಗುರುವಾರ

ನಿರ್ಧಾರವನ್ನು ಸರ್ಕಾರದ ಜಾಲತಾಣದಲ್ಲಿ ಪ್ರಕಟಿಸಿ ಇವತ್ತಿಗೆ ತಿಂಗಳು. ಆಕ್ಷೇಪಿಸುವ ಅವಧಿ ಮುಗಿಯಿತು. ನಿನ್ನೆ ಸಂಜೆ ಕೆಲ್ಡ್‌ಬ್ಯಾಂಕಿನ ವಕೀಲರಿಂದ ಎರಡೇ ಸಾಲು ಬಂದಿತ್ತು: ನಮ್ಮ ಕಕ್ಷಿದಾರರು ವರದಿಯನ್ನು ಪೂರ್ತಿ ಓದಿದ್ದಾರೆ, ಮುಂದುವರಿಯುವ ಇಚ್ಛೆಯಿಲ್ಲ.

ಅದರ ಕೆಳಗೆ ಶ್ರೀಮತಿ ಸ್ಟ್ಯಾಗ್ ಕೈಯಲ್ಲೇ ಬರೆದಿದ್ದರು: 'ನನ್ನ ಸಾಲಕ್ಕೂ ಮನೆ ಹೋಯಿತು. ನನ್ನನ್ನು ಯಾರೂ ಕೇಳಲಿಲ್ಲ.'

ಅದನ್ನೂ ಕಡತಕ್ಕೆ ಸೇರಿಸಿದೆ. ಬಹಳ ಹೊತ್ತು ಬೇರೆ ಕೆಲಸ ಮಾಡಲಾಗಲಿಲ್ಲ.

ಏಪ್ರಿಲ್ 1, ಸೋಮವಾರ

ಈಸ್ಟರ್ ರಜೆ. ಯಂತ್ರ ಬರುವುದು ಇಪ್ಪತ್ತನೇ ತಾರೀಕಿನ ಮೇಲೆ. ಯಾಕೋ ಐದಕ್ಕೆ ಎಚ್ಚರವಾಗಿ ಬಂದರಿಗೆ ಹೋದೆ. ಕಲ್ಲುಹಾಸು ಒದ್ದೆಯಿತ್ತು, ಕೋಲು ಊರಿಕೊಂಡು ನಿಂತೆ.

ಅಮೋಸ್ ಮುಚ್ಚಿದ ಬಾಗಿಲ ಮುಂದೆ ಟೈ ಕಟ್ಟಿಕೊಂಡು ನಿಂತಿದ್ದ. ದೋಣಿ ಬಂದ ಹಾಗೆಲ್ಲ ಅಂಚಿಗೆ ಹೋಗಿ ಬಗ್ಗಿ ಹೇಳುತ್ತಿದ್ದ. ಏನು ಹೇಳಿದನೋ ಗಾಳಿಗೆ ಕೇಳಲಿಲ್ಲ. ಹನ್ನೊಂದು ಸಲ ಹೋದ, ಹನ್ನೊಂದು ಸಲ ಬಂದ. ಥರ್ಜಾ ಒಳಗೆ ಹಳೆಯ ಯಂತ್ರದ ಬೋಲ್ಟು ಬಿಚ್ಚುತ್ತಿದ್ದಳು, ಸದ್ದು ಹೊರಗೆ ಬರುತ್ತಿತ್ತು.

ಏಪ್ರಿಲ್ 12, ಶುಕ್ರವಾರ

ಆಸ್ಪತ್ರೆಯ ನರ್ಸು ಫೋನ್ ಮಾಡಿದ್ದಳು. ಪಟ್ಟಿಯನ್ನು ಮತ್ತೆ ಪರಿಶೀಲಿಸುತ್ತಿದ್ದಾರಂತೆ. ಮನೆಯ ಮೆಟ್ಟಿಲು ಎಷ್ಟು, ಹೇಗೆ ಹತ್ತುತ್ತೀರಿ ಎಂದು ಕೇಳಿದಳು. ಬೆಳಿಗ್ಗೆ ಇಳಿಯುತ್ತೇನೆ, ಸಂಜೆ ಒಂದೊಂದೇ ಮೆಟ್ಟಿಲ ಮೇಲೆ ಕೂತು ಹಿಂದೆ ಸರಿಯುತ್ತಾ ಹತ್ತುತ್ತೇನೆ ಎಂದೆ. ಮಂಚ ಹತ್ತಲಾಗದೆ ಜನವರಿಯಿಂದ ಸೋಫಾದ ಮೇಲೆ ಮಲಗುತ್ತಿದ್ದೇನೆ, ಹಾಲು ಕೆಳಗಿನ ಮನೆಯವರು ತರುತ್ತಾರೆ ಎಂದೆ. ಹಳೇ ಅರ್ಜಿಯಲ್ಲಿ ಬೇರೆ ಥರ ಇದೆಯಲ್ಲ ಎಂದಳು. ಅದನ್ನೂ ಇಟ್ಟುಕೊಳ್ಳಿ, ತೆಗೆಯಬೇಡಿ ಎಂದೆ.

ವಿಶೇಷವೇನಿಲ್ಲ. ಕೇಳಿದ್ದಕ್ಕೆ ಉತ್ತರ.

ಏಪ್ರಿಲ್ 27, ಶನಿವಾರ

ಹೊಸ ಯಂತ್ರ ಗುರುವಾರ ಶುರುವಾಯಿತಂತೆ. ಹನ್ನೊಂದರಲ್ಲಿ ಒಂಬತ್ತು ದೋಣಿ ಮರಳಿ ಬಂದಿವೆ. ಎರಡು ದೊಡ್ಡವು ಕೆಲ್ಡ್‌ಬ್ಯಾಂಕಿನಲ್ಲೇ ಉಳಿದವು. ಚಿಕ್ಕ ನಾಲ್ಕೂ ಇವೆ.

ಇದನ್ನೆಲ್ಲ ಥರ್ಜಾ ಹೇಳಿದ್ದು ಕೆಳಗಿನಿಂದ, ಬೀದಿಯಲ್ಲಿ ನಿಂತುಕೊಂಡು. ಕೈಯಲ್ಲಿ ಮೀನಿನ ಬಕೆಟ್, ತುಂಬ ಐಸು. ಅಪ್ಪ ಕಳಿಸಿದ್ದು, ಮೊಣಕಾಲಿಗೆ ಎಂದಳು. ಕಿಟಕಿಯಿಂದಲೇ ನಿಯಮ ಹೇಳಿದೆ: ಅರ್ಜಿದಾರರಿಂದ ಏನನ್ನೂ ಪಡೆಯುವಂತಿಲ್ಲ, ಪಡೆದರೆ ಉಡುಗೊರೆಗಳ ಪುಸ್ತಕದಲ್ಲಿ ನಮೂದಿಸಬೇಕು. ನಮೂದಿಸಿ ಎಂದಳು.

'ಇಲ್ಲೇ ಇಟ್ಟು ಹೋಗ್ಲಾ, ಮೇಲೆ ತರ್ಲಾ?'

'ಮೇಲೆ ತಾ' ಎಂದೆ.

ಹಳೇ ಬಟಾಣಿ ಪೊಟ್ಟಣವನ್ನು ಎಸೆದೆ. ಸೋಮವಾರ ಪುಸ್ತಕದಲ್ಲಿ ಬರೆಯಬೇಕು. ಕೊಟ್ಟವರು: ಎ. ಫಿಯರನ್. ವಸ್ತು: ಐಸು, ಒಂದು ಬಕೆಟ್. ಉಡುಗೊರೆ ಈಗ ಎಲ್ಲಿದೆ ಎಂಬ ಕಾಲಂ ಇದೆ, ಅಲ್ಲಿ: ಬಳಸಿಕೊಂಡೆ, ಕರಗಿತು.